ಮುರಿದ ಸೂಜಿಗೂ ಇಲ್ಲಿ ಲೆಕ್ಕವಿದೆ

ಮಕ್ಕಳನ್ನು ನೋಡಿಕೊಳ್ಳುವವರ ಪೂರ್ವಾಪರ ವಿಚಾರಿಸಲೇಬೇಕು ಎನ್ನುತ್ತದೆ ಕಾನೂನು. ವಿಚಾರಿಸುವ ಖರ್ಚು ಯಾರದು ಎಂಬಲ್ಲಿ ಮಾತ್ರ ಮೌನ. ಕೊಯಮತ್ತೂರು, ತಿರುಪ್ಪೂರು ಜಿಲ್ಲೆಗಳ ದುಡಿಯುವ ತಾಯಂದಿರ ದಿನಚರಿಯೊಳಗೆ ಆ ಮೌನದ ಬೆಲೆ ಎಷ್ಟು?

ತಿರುಪ್ಪೂರಿನ ರಫ್ತು ಬನಿಯನ್ ಕಂಪನಿಗಳಲ್ಲಿ ಒಂದು ವಿಚಿತ್ರ ರಿಜಿಸ್ಟರ್ ಇರುತ್ತದೆ. ಹೊಲಿಗೆ ಯಂತ್ರದ ಸೂಜಿ ಮುರಿಯಿತೆಂದರೆ ಟೈಲರ್ ಕೈ ನಿಲ್ಲಿಸಬೇಕು, ಸೂಪರ್‌ವೈಸರ್ ಓಡಿಬರಬೇಕು. ಚೂರುಗಳನ್ನೆಲ್ಲ ಹುಡುಕಿ, ಒಂದಕ್ಕೊಂದು ಜೋಡಿಸಿ, ಇಡೀ ಸೂಜಿ ಸಿಕ್ಕಿತೆಂದು ಖಾತ್ರಿಯಾದ ಮೇಲೆ ಆ ಚೂರುಗಳನ್ನು ಟೇಪಿನಿಂದ ರಿಜಿಸ್ಟರಿನ ಹಾಳೆಗೆ ಅಂಟಿಸುತ್ತಾರೆ. ಪಕ್ಕದಲ್ಲಿ ದಿನಾಂಕ, ವೇಳೆ, ಯಂತ್ರದ ನಂಬರು, ಸಹಿ. ಆಮೇಲಷ್ಟೇ ಹೊಸ ಸೂಜಿ. ಒಂದೇ ಒಂದು ಚೂರು ಸಿಗದಿದ್ದರೂ ಸುತ್ತ ಬಿದ್ದಿದ್ದ ಬಟ್ಟೆಯೆಲ್ಲ ಪಕ್ಕಕ್ಕೆ ಹೋಗುತ್ತದೆ. ಮಕ್ಕಳ ಉಡುಪಾದರೆ ಇಷ್ಟೂ ಸಾಲದು. ಪ್ಯಾಕಿಂಗಿಗೆ ಮುನ್ನ ಅಂಗಿಗಳು ಲಕ್ಷಗಟ್ಟಲೆ ಬೆಲೆಯ ಸೂಜಿಪತ್ತೆ ಯಂತ್ರದ ಬೆಲ್ಟಿನ ಮೇಲೆ ಸಾಗಿ ಬರಬೇಕು. ಯುರೋಪಿನ ಯಾವುದೋ ಊರಿನ ಕೂಸಿನ ಬೆನ್ನಿಗೆ ಲೋಹದ ಮೊನೆ ತಾಗಬಾರದಲ್ಲ!

ಅದೇ ಕಂಪನಿಯ ಇನ್ನೊಂದು ಸಾಲಿನಲ್ಲಿ, ಟ್ಯೂಬ್‌ಲೈಟಿನ ಕೆಳಗೆ, 'ಚೆಕಿಂಗ್' ಹೆಂಗಸರು ನಿಂತಿರುತ್ತಾರೆ. ಅಂಗಿಯನ್ನು ಮೇಜಿನ ಮೇಲೆ ಹರವಿ, ಒಳಗನ್ನು ಹೊರಗೆ ಮಾಡಿ, ತೋಳು, ಕತ್ತು, ಅಂಚು ಎಂದು ಕೈಯಾಡಿಸುತ್ತ ಹೋಗುವುದು ಅವರ ಕೆಲಸ. ತೂತು, ಎಣ್ಣೆ ಕಲೆ, ಬಿಟ್ಟ ಹೊಲಿಗೆ ಕಂಡಲ್ಲಿ ಬಾಣದ ಗುರುತಿನ ಪುಟ್ಟ ಸ್ಟಿಕ್ಕರ್ ಅಂಟಿಸುತ್ತಾರೆ. ಬೆಳಗ್ಗೆ ಎಂಟೂವರೆಗೆ ನಿಂತರೆ, 'ಒಂದೂವರೆ ಶಿಫ್ಟ್' ಇರುವ ದಿನ ಹೊರಬೀಳುವುದು ರಾತ್ರಿ ಎಂಟೂವರೆಗೆ.

ಆ ಸಾಲಿನಲ್ಲಿ ಎರಡು ವರ್ಷದ ಮಗುವಿನ ತಾಯಿಯೊಬ್ಬಳನ್ನು ಕಲ್ಪಿಸಿಕೊಳ್ಳಿ. ಈ ಹನ್ನೆರಡು ತಾಸು ಮಗು ಯಾರ ಮಡಿಲಲ್ಲಿದೆ? ಆ ಮಡಿಲು ಎಂಥದ್ದೆಂದು ಯಾರಾದರೂ ಮೊದಲೇ ವಿಚಾರಿಸಿದ್ದರೇ? ವಿಚಾರಿಸಿದ್ದರೆ ದುಡ್ಡು ಕೊಟ್ಟವರು ಯಾರು? ಈ ಮೂರು ಪ್ರಶ್ನೆಗೆ ಉತ್ತರ ಬರೆದಿಡುವ ರಿಜಿಸ್ಟರ್ ಎಲ್ಲಿದೆ?

ಅಜ್ಜಿಯನ್ನು ಬಿಟ್ಟುಬಂದ ಸಂಸಾರಗಳು

ಕನ್ನಡಿಗರಿಗೆ ಇದು ದೂರದ ನಾಡಲ್ಲ. 1956ರ ನವೆಂಬರ್ 1ರಂದು ಮೈಸೂರು ರಾಜ್ಯಕ್ಕೆ ಸೇರುವವರೆಗೂ ಕೊಳ್ಳೇಗಾಲ ಕೊಯಮತ್ತೂರು ಜಿಲ್ಲೆಯದೇ ತಾಲ್ಲೂಕು. ಚಾಮರಾಜನಗರದಿಂದ ಪುಣಜನೂರು, ಹಾಸನೂರು ದಾಟಿ ದಿಂಬಂ ಘಟ್ಟದ 27 ತಿರುವು ಇಳಿದರೆ ಬಣ್ಣಾರಿ, ಸತ್ಯಮಂಗಲ. ಅಲ್ಲಿಂದ ಕೊಯಮತ್ತೂರಿಗೂ ತಿರುಪ್ಪೂರಿಗೂ ಬಸ್ಸು. ಕೊಯಮತ್ತೂರು ಸೀಮೆಯ ದೇವಾಂಗ ನೇಕಾರರ ಮನೆಗಳಲ್ಲಿ ಇವತ್ತಿಗೂ ಅಡುಗೆಮನೆಯ ಮಾತು ಕನ್ನಡವೇ. ಹನೂರು, ಕೊಳ್ಳೇಗಾಲದ ಕಡೆಯಿಂದ ಕೂಲಿಗೆಂದು ಘಟ್ಟ ಇಳಿದು ಹೋಗುವವರೂ ಇದ್ದಾರೆ.

ಕೊಯಮತ್ತೂರು ಮತ್ತು ಈರೋಡು ಜಿಲ್ಲೆಗಳ ಭಾಗಗಳನ್ನು ಸೇರಿಸಿ 2009ರಲ್ಲಿ ರೂಪುಗೊಂಡ ತಿರುಪ್ಪೂರು ಜಿಲ್ಲೆಯ ಹೆಣಿಗೆ ಉಡುಪಿನ ರಫ್ತು ವರ್ಷಕ್ಕೆ ಮೂವತ್ತು ಸಾವಿರ ಕೋಟಿ ರೂಪಾಯಿ ದಾಟಿದೆ. ಇಷ್ಟು ಬಟ್ಟೆ ಹೊಲಿಯಲು ಊರಿನ ಕೈಗಳು ಸಾಲವು. ತಮಿಳುನಾಡಿನ ದಕ್ಷಿಣದ ಜಿಲ್ಲೆಗಳವರು ಮೊದಲು ಬಂದರು. ಆಮೇಲೆ ಬಿಹಾರ, ಒಡಿಶಾ, ಜಾರ್ಖಂಡ್, ಉತ್ತರ ಪ್ರದೇಶ, ಬಂಗಾಳದವರು ಬಂದರು. ಬಂದವರು ಗಂಡ ಹೆಂಡತಿ ಇಬ್ಬರೂ ದುಡಿಯುವ ಪ್ರಾಯದವರು. ಅತ್ತೆ, ಅಜ್ಜಿ, ದೊಡ್ಡಮ್ಮ ಊರಲ್ಲೇ ಉಳಿದರು. ಮಗು ನೋಡಿಕೊಳ್ಳುವುದು ಒಂದು 'ಸೇವೆ' ಆದದ್ದು, ಅದಕ್ಕೊಂದು ದರ ಬಂದದ್ದು ಹೀಗೆ.

ಈ ಸೇವೆ ಇಲ್ಲಿ ನಾಲ್ಕು ರೂಪದಲ್ಲಿ ಸಿಗುತ್ತದೆ. ದೊಡ್ಡ ಕಂಪನಿಗಳ ಆವರಣದಲ್ಲಿ ಕ್ರೆಷ್. ಸರ್ಕಾರದ ಅಂಗನವಾಡಿ, ತಮಿಳರ ಬಾಯಲ್ಲಿ 'ಬಾಲವಾಡಿ'. ಕೊಯಮತ್ತೂರಿನ ಸರವಣಂಪಟ್ಟಿ, ಪೀಳಮೇಡು ಕಡೆಯ ಐಟಿ ನೌಕರರಿಗೆ ಪ್ಲೇಸ್ಕೂಲು, ಡೇಕೇರ್, ಏಜೆನ್ಸಿಯಿಂದ ಬರುವ ಆಯಾ. ಇವು ಯಾವುವೂ ಒದಗದವರಿಗೆ ಸಾಲಾಗಿ ಕಟ್ಟಿದ ಲೈನ್ ಮನೆಯ ಪಕ್ಕದ ಬಾಗಿಲು: ಒಂದೇ ಕೋಣೆಯಲ್ಲಿ ತನ್ನ ಮಗುವಿನ ಜೊತೆ ಇನ್ನೂ ನಾಲ್ಕೈದು ಮಕ್ಕಳನ್ನು ಕೂರಿಸಿಕೊಂಡು, ತಿಂಗಳಿಗಿಷ್ಟು ಎಂದು ಪಡೆಯುವ ಹೆಂಗಸು. ಅವಳ ಬಗ್ಗೆ ಕೇಳಿದರೆ ಸಿಗುವ ಉತ್ತರ ಒಂದೇ, 'ತೆರಿಂಜವಂಗದಾನ್'. ಅಂದರೆ ಗೊತ್ತಿರುವವರೇ. ಲೈನ್ ಮನೆಗೆ ಬಂದು ಮೂರು ತಿಂಗಳಾಗಿದ್ದರೂ ಗೊತ್ತಿರುವವರೇ!

ಕಾನೂನು ಹೇಳಿದ್ದು, ಹೇಳದೆ ಬಿಟ್ಟದ್ದು

ಕ್ರೆಷ್ ಎಂಬುದು ಈ ನಾಡಿಗೆ ಹೊಸದಲ್ಲ. 1948ರ ಕಾರ್ಖಾನೆ ಕಾಯ್ದೆಯ 48ನೇ ಕಲಮು ಮೂವತ್ತಕ್ಕಿಂತ ಹೆಚ್ಚು ಹೆಂಗಸರು ದುಡಿಯುವಲ್ಲಿ ಆರು ವರ್ಷದೊಳಗಿನ ಮಕ್ಕಳಿಗೆ ಕೋಣೆ, ನೋಡಿಕೊಳ್ಳಲು ತರಬೇತಾದ ಹೆಂಗಸು ಇರಬೇಕೆಂದಿತು. 1951ರ ತೋಟ ಕಾರ್ಮಿಕರ ಕಾಯ್ದೆ ಕೊಯಮತ್ತೂರು ಜಿಲ್ಲೆಯದೇ ವಾಲ್ಪಾರೈಯ ಟೀ ತೋಟಗಳಿಗೂ ಇಂಥದೇ ಹೊಣೆ ಹೊರಿಸಿತು. 2017ರ ಹೆರಿಗೆ ಸೌಲಭ್ಯ ತಿದ್ದುಪಡಿ ಐವತ್ತು ನೌಕರರಿರುವ ಸಂಸ್ಥೆಗಳಿಗೂ ಕ್ರೆಷ್ ಕಡ್ಡಾಯ ಮಾಡಿ, ತಾಯಿ ದಿನಕ್ಕೆ ನಾಲ್ಕು ಸಲ ಹೋಗಿ ಮಗುವನ್ನು ನೋಡಿಬರಬಹುದು ಎಂದಿತು. 2025ರ ನವೆಂಬರ್ 21ರಂದು ಜಾರಿಗೆ ಬಂದ ಕಾರ್ಮಿಕ ಸಂಹಿತೆಗಳಲ್ಲೂ ಈ ಐವತ್ತರ ಲೆಕ್ಕ ಉಳಿದಿದೆ.

ಕೋಣೆ ಇರಬೇಕು, ತೊಟ್ಟಿಲಿರಬೇಕು, ಹಾಲಿರಬೇಕು ಎಂದ ಈ ಕಾನೂನುಗಳ ಗಮನವೆಲ್ಲ ಸೌಕರ್ಯದ ಮೇಲಿತ್ತು. ತೊಟ್ಟಿಲು ತೂಗುವ ಕೈ ಯಾರದು ಎಂದು ಸ್ಪಷ್ಟವಾಗಿ ಕೇಳಿದ್ದು ಲೈಂಗಿಕ ಅಪರಾಧಗಳಿಂದ ಮಕ್ಕಳನ್ನು ರಕ್ಷಿಸುವ ಪೋಕ್ಸೊ. 2012ರ ಕಾಯ್ದೆಗೆ 2020ರ ಮಾರ್ಚ್‌ನಲ್ಲಿ ಬಂದ ಹೊಸ ನಿಯಮಗಳ ಪೈಕಿ 3ನೆಯದು ನೇರವಾಗಿದೆ: ಮಕ್ಕಳು ಇರುವ ಅಥವಾ ಮಕ್ಕಳ ಜೊತೆ ನಿತ್ಯ ಸಂಪರ್ಕವಿರುವ ಶಾಲೆ, ಕ್ರೆಷ್, ಕ್ರೀಡಾ ಅಕಾಡೆಮಿ, ಯಾವುದೇ ಸಂಸ್ಥೆ ತನ್ನ ಪ್ರತಿಯೊಬ್ಬ ಸಿಬ್ಬಂದಿಯ ಪೊಲೀಸ್ ಪರಿಶೀಲನೆ ಮತ್ತು ಹಿನ್ನೆಲೆ ತಪಾಸಣೆಯನ್ನು ಆಗಾಗ್ಗೆ ಮಾಡಿಸಬೇಕು. ಕಾಯಂ ಆಗಲಿ ಗುತ್ತಿಗೆಯವರಾಗಲಿ, ಪಾಠ ಹೇಳುವವರಾಗಲಿ ಕಸ ಗುಡಿಸುವವರಾಗಲಿ, ವಿನಾಯಿತಿ ಇಲ್ಲ.

'ಆಗಾಗ್ಗೆ' ಎಂದರೆ ಎಷ್ಟು ವರ್ಷಕ್ಕೊಮ್ಮೆ? ನಿಯಮ ಹೇಳುವುದಿಲ್ಲ. ಖರ್ಚು ಯಾರದು? ಅದನ್ನೂ ಹೇಳುವುದಿಲ್ಲ. 'ಸಂಸ್ಥೆ ಮಾಡಿಸಬೇಕು' ಎಂಬ ಮಾತನ್ನು 'ಸಂಸ್ಥೆಯೇ ದುಡ್ಡು ಕೊಟ್ಟು ಮಾಡಿಸಬೇಕು' ಎಂದು ಓದುವುದು ನ್ಯಾಯ. 'ನೀನೇ ಮಾಡಿಸಿಕೊಂಡು ಬಾ' ಎಂದು ಓದುವುದು ಸುಲಭ.

ಐನೂರು ರೂಪಾಯಿಯ ಇಳಿಜಾರು

ತಮಿಳುನಾಡು ಪೊಲೀಸರು 2018ರಲ್ಲಿ ಪರಿಶೀಲನೆ ಸೇವೆಯನ್ನು ಆನ್‌ಲೈನಿಗೆ ತಂದರು. ಅದರಲ್ಲಿ ತನ್ನ ಬಗ್ಗೆ ತಾನೇ ಕೇಳಿಕೊಳ್ಳುವ ಪರಿಶೀಲನೆ, ಉದ್ಯೋಗದ ಪರಿಶೀಲನೆ, ಮನೆಗೆಲಸದವರ ಪರಿಶೀಲನೆ, ಬಾಡಿಗೆದಾರರ ಪರಿಶೀಲನೆ ಎಂಬ ವಿಭಾಗಗಳಿವೆ. ಹೆಸರು, ತಂದೆಯ ಹೆಸರು, ವಿಳಾಸ, ಗುರುತಿನ ಚೀಟಿ, ಫೋಟೊ ತುಂಬಿ ಶುಲ್ಕ ಕಟ್ಟಿದರೆ ಅರ್ಜಿ ಆ ವಿಳಾಸದ ಠಾಣೆಗೆ ಹೋಗುತ್ತದೆ. ಅಪರಾಧ ದಾಖಲೆ ನೋಡಿ ವರದಿ ಬರುತ್ತದೆ. ಸೇವೆ ಶುರುವಾದಾಗ ಗೊತ್ತುಮಾಡಿದ ಶುಲ್ಕ ವ್ಯಕ್ತಿಗೆ 500 ರೂಪಾಯಿ, ಖಾಸಗಿ ಸಂಸ್ಥೆಗೆ 1,000 ರೂಪಾಯಿ.

ಈ ಎರಡು ಅಂಕಿಗಳ ನಡುವಿನ ಅಂತರವನ್ನು ಗಮನಿಸಿ. ಸಂಸ್ಥೆಯೇ ಅರ್ಜಿ ಹಾಕಿದರೆ ಸಾವಿರ. ಆಯಾಳೇ ಹಾಕಿದರೆ ಐನೂರು. ಅಂದಮೇಲೆ ಅಂಗಡಿಯ ಲೆಕ್ಕದಲ್ಲಿ ಯೋಚಿಸುವ ಯಾವ ಮಾಲೀಕನಿಗೂ ತಕ್ಷಣ ಹೊಳೆಯುವ ಮಾತು ಒಂದೇ. ಕೂಲಿಯಿಂದ ಏನೇನು ಮುರಿದುಕೊಳ್ಳಬಹುದು ಎಂದು ಕಾನೂನು ಪಟ್ಟಿ ಮಾಡಿದೆಯಾದ್ದರಿಂದ ಸಂಬಳದಲ್ಲಿ ಹಿಡಿಯುವ ಗೋಜಿಗೆ ಹೋಗಬೇಕಿಲ್ಲ. 'ಸರ್ಟಿಫಿಕೇಟ್ ತಗೊಂಡು ಬಂದು ಕೆಲಸಕ್ಕೆ ಸೇರಿಕೋ' ಎಂದರೆ ಮುಗಿಯಿತು. ಕೆಲಸಕ್ಕೆ ಸೇರುವ ಮೊದಲೇ ಆದ ಖರ್ಚು ಯಾರ ಲೆಕ್ಕಕ್ಕೂ ಬರುವುದಿಲ್ಲ.

ಆದರೆ ಅವಳಿಗೆ ಆ ಐನೂರು ಎಂದರೆ ಏನು? ಮಗು ನೋಡಿಕೊಳ್ಳುವ ಕೆಲಸಕ್ಕೆ ಈ ದೇಶ ಕಟ್ಟಿದ ಬೆಲೆ ಎಷ್ಟೆಂದು ತಿಳಿಯಲು ಒಂದು ಅಂಕಿ ಸಾಕು: 2018ರಲ್ಲಿ ಏರಿಸಿದ ಮೇಲೆ ಅಂಗನವಾಡಿ ಸಹಾಯಕಿಗೆ ಕೇಂದ್ರ ಗೊತ್ತುಮಾಡಿದ ಗೌರವಧನ ತಿಂಗಳಿಗೆ 2,250 ರೂಪಾಯಿ, ಕಾರ್ಯಕರ್ತೆಗೆ 4,500. ರಾಜ್ಯಗಳು ಇದರ ಮೇಲೆ ತಮ್ಮ ಪಾಲು ಸೇರಿಸುತ್ತವೆ, ನಿಜ. ಖಾಸಗಿ ಡೇಕೇರಿನ ಆಯಾಳ ಸಂಬಳವೂ ಬನಿಯನ್ ಕಂಪನಿಯ ಟೈಲರಿನದರ ಹತ್ತಿರಕ್ಕೆ ಬರುವುದು ಕಷ್ಟ. ಇಂಥ ಕೆಲಸಕ್ಕೆ ಬಾಗಿಲಲ್ಲೇ ಐನೂರು ಕೇಳಿದರೆ ಎರಡು ಪರಿಣಾಮ. ಒಳ್ಳೆಯ ಕೈಗಳು ಬನಿಯನ್ ಕಂಪನಿಯ ಕಡೆಗೆ ತಿರುಗುತ್ತವೆ, ಅಲ್ಲಿ ಯಾರೂ ಸರ್ಟಿಫಿಕೇಟ್ ಕೇಳುವುದಿಲ್ಲ. ಆಯಾ ಸಿಗದ ಡೇಕೇರು 'ಆಮೇಲೆ ಕೊಡು' ಎಂದು ಸೇರಿಸಿಕೊಳ್ಳುತ್ತದೆ, ಆ 'ಆಮೇಲೆ' ಬರುವುದೇ ಇಲ್ಲ.

ಅಂಗಿಯನ್ನು ಪರೀಕ್ಷಿಸಿದ ಖರ್ಚನ್ನು ಅಂಗಿಯಿಂದಲೇ ವಸೂಲು ಮಾಡುವವರನ್ನು ತಿರುಪ್ಪೂರು ಕಂಡಿಲ್ಲ. ಸೂಜಿಪತ್ತೆ ಯಂತ್ರದ ಬಾಡಿಗೆಯನ್ನು ಯಾವ ಟೈಲರಿನ ಹತ್ತಿರವೂ ಕೇಳುವುದಿಲ್ಲ. ಅದು ಉತ್ಪಾದನೆಯ ವೆಚ್ಚ. ಮಗುವಿನ ವಿಷಯ ಬಂದಾಗ ಮಾತ್ರ ತಪಾಸಣೆಯ ಬಿಲ್ಲು ತಪಾಸಣೆಗೆ ಒಳಗಾದವಳ ಕೈಗೆ ಬರುತ್ತದೆ.

ಕೇಳದೆ ಬಿಟ್ಟರೆ ಏನಾಗುತ್ತದೆ

2024ರ ಆಗಸ್ಟ್. ನಮ್ಮ ಗಡಿಗೆ ಅಂಟಿಕೊಂಡ ಕೃಷ್ಣಗಿರಿ ಜಿಲ್ಲೆಯ ಬರ್ಗೂರು ಬಳಿಯ ಖಾಸಗಿ ಶಾಲೆಯೊಂದರಲ್ಲಿ ಎನ್‌ಸಿಸಿ ಶಿಬಿರ ನಡೆಯಿತು. ಮಕ್ಕಳು ಶಾಲೆಯಲ್ಲೇ ತಂಗಿದ್ದರು. ಹದಿಮೂರು ವರ್ಷದ ಹುಡುಗಿಯ ಮೇಲೆ ಲೈಂಗಿಕ ದೌರ್ಜನ್ಯ ನಡೆದದ್ದು ಹೊರಬಂದ ಮೇಲೆ ಗೊತ್ತಾಯಿತು, ಆ ಶಾಲೆಗೆ ಎನ್‌ಸಿಸಿ ಘಟಕವೇ ಇರಲಿಲ್ಲ, ಶಿಬಿರ ನಡೆಸಿದವನಿಗೂ ಎನ್‌ಸಿಸಿಗೂ ಸಂಬಂಧವೇ ಇರಲಿಲ್ಲ. ಬೇರೆ ಶಾಲೆಗಳಲ್ಲೂ ಇಂಥ ಶಿಬಿರ ನಡೆದಿದ್ದವು. ಶಾಲೆಯ ಆಡಳಿತದವರೂ ಬಂಧಿತರಾದರು, ಸರ್ಕಾರ ವಿಶೇಷ ತನಿಖಾ ತಂಡ ರಚಿಸಿತು.

ಈ ಪ್ರಕರಣದಲ್ಲಿ ಸಾವಿರ ರೂಪಾಯಿಯ ಪೊಲೀಸ್ ವರದಿಯೂ ಬೇಕಿರಲಿಲ್ಲ. ಎನ್‌ಸಿಸಿ ಕಚೇರಿಗೆ ಒಂದು ಫೋನ್ ಕರೆ ಸಾಕಿತ್ತು. ಆ ಕರೆಯ ಖರ್ಚು ಒಂದೆರಡು ರೂಪಾಯಿ. ಹಿನ್ನೆಲೆ ತಪಾಸಣೆ ಎಂದರೆ ಪೊಲೀಸ್ ಕಾಗದ ಎಂದಷ್ಟೇ ತಿಳಿದವರಿಗೆ ಇದು ಪಾಠ. ಹಿಂದಿನ ಕಡೆ ಕೆಲಸ ಬಿಟ್ಟದ್ದೇಕೆ ಎಂದು ಹಳೆಯ ಮಾಲೀಕರನ್ನು ಕೇಳುವುದು, ಹೇಳಿದ ವಿಳಾಸಕ್ಕೆ ಒಮ್ಮೆ ಹೋಗಿಬರುವುದು, ತೋರಿಸಿದ ಸರ್ಟಿಫಿಕೇಟು ಕೊಟ್ಟವರನ್ನೇ ವಿಚಾರಿಸುವುದು, ಇವಕ್ಕೆ ದುಡ್ಡಿಗಿಂತ ಹೆಚ್ಚಾಗಿ ಬೇಕಾದದ್ದು ಅರ್ಧ ದಿನದ ಪುರುಸೊತ್ತು. ಆ ಅರ್ಧ ದಿನದ ಸಂಬಳ ಯಾರು ಕೊಡಬೇಕು ಎಂಬಲ್ಲಿಗೆ ಪ್ರಶ್ನೆ ಮತ್ತೆ ಬಂದು ನಿಲ್ಲುತ್ತದೆ.

ಬೆಂಗಳೂರು ಈ ಪಾಠವನ್ನು ಹತ್ತು ವರ್ಷ ಮೊದಲೇ ಕಲಿತಿತ್ತು. 2014ರ ಜುಲೈನಲ್ಲಿ ಖಾಸಗಿ ಶಾಲೆಯೊಂದರಲ್ಲಿ ಆರು ವರ್ಷದ ಮಗುವಿನ ಮೇಲೆ ದೌರ್ಜನ್ಯ ನಡೆದಾಗ ಪೋಷಕರು ಸಾವಿರಾರು ಸಂಖ್ಯೆಯಲ್ಲಿ ಬೀದಿಗಿಳಿದರು. ಸಿಬ್ಬಂದಿಯ ಪೂರ್ವಾಪರ ವಿಚಾರಿಸಬೇಕೆಂಬ ಮಾರ್ಗಸೂಚಿಗಳು ಶಾಲೆಗಳಿಗೆ ಬಂದವು. ಶಾಲೆಗಳಿಗೆ ಬಂದವು, ಸರಿ. ಮೂರು ವರ್ಷದ ಕೆಳಗಿನ, ಬಾಯಿಬಿಟ್ಟು ಹೇಳಲಾರದ ಕೂಸುಗಳ ಡೇಕೇರಿಗೆ ಅಷ್ಟೇ ಬಿಗಿಯಾಗಿ ಬಂದವೇ?

ಕಾಗದಕ್ಕೆ ಕಾಣದ್ದು

ಕಾಗದದ ಮೇಲೆ ಅತಿಯಾದ ಭರವಸೆಯೂ ತರವಲ್ಲ. 2025ರ ಜುಲೈನಲ್ಲಿ ಆಸ್ಟ್ರೇಲಿಯದ ಮೆಲ್ಬರ್ನ್ ನಗರದ ಶಿಶುಪಾಲನಾ ಕೇಂದ್ರಗಳ ಕೆಲಸಗಾರನೊಬ್ಬನ ಮೇಲೆ ಎಪ್ಪತ್ತಕ್ಕೂ ಹೆಚ್ಚು ಆರೋಪಗಳು ದಾಖಲಾದ ಸುದ್ದಿ ಹೊರಬಿತ್ತು. ಸಾವಿರಕ್ಕೂ ಹೆಚ್ಚು ಮಕ್ಕಳಿಗೆ ವೈದ್ಯಕೀಯ ಪರೀಕ್ಷೆ ಮಾಡಿಸುವಂತೆ ಪೋಷಕರಿಗೆ ಸೂಚಿಸಲಾಯಿತು. ಅವನ ಬಳಿ ಮಕ್ಕಳೊಂದಿಗೆ ಕೆಲಸ ಮಾಡಲು ಬೇಕಾದ ಪರಿಶೀಲನಾ ಪತ್ರ ಊರ್ಜಿತವಾಗಿಯೇ ಇತ್ತು. ಒಮ್ಮೆಯೂ ದಾಖಲಾಗದವನನ್ನು ದಾಖಲೆ ಹಿಡಿಯುವುದು ಹೇಗೆ?

ನಮ್ಮಲ್ಲಿ ಈ ಕುರುಡುಜಾಗ ಇನ್ನೂ ದೊಡ್ಡದು. ಪೋಕ್ಸೊ ಅಡಿಯ ಅತ್ಯಾಚಾರ ಪ್ರಕರಣಗಳಲ್ಲಿ ನೂರಕ್ಕೆ ತೊಂಬತ್ತಕ್ಕೂ ಹೆಚ್ಚು ಆರೋಪಿಗಳು ಮಗುವಿಗೆ ಪರಿಚಿತರೇ ಎಂದು ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೋ ವರ್ಷವರ್ಷವೂ ಹೇಳುತ್ತಿದೆ. ಪರಿಚಿತರ ಮೇಲೆ ದೂರು ಕೊಡುವವರು ಕಡಿಮೆ, ದೂರಿಲ್ಲದಿದ್ದರೆ ದಾಖಲೆಯಿಲ್ಲ. ಲೈಂಗಿಕ ಅಪರಾಧಿಗಳ ರಾಷ್ಟ್ರೀಯ ದತ್ತಾಂಶ 2018ರ ಸೆಪ್ಟೆಂಬರ್‌ನಲ್ಲಿ ಶುರುವಾಯಿತಾದರೂ ಅದು ಪೊಲೀಸರಿಗಷ್ಟೇ ತೆರೆದಿದೆ. ಹೀಗಾಗಿ ಡೇಕೇರಿನವರಿಗೆ ಠಾಣೆಯ ವರದಿಯೇ ಕೊನೆಯ ಕಿಟಕಿ.

ಈ ಕಿಟಕಿಯ ಆಚೆ ಬೆಳಕು ಬಿದ್ದದ್ದು ಎಲ್ಲಿಂದ ಎಂದು ನೋಡಿದರೆ ಉತ್ತರ ಕೊಯಮತ್ತೂರಿನಲ್ಲೇ ಇದೆ. 2022ರಲ್ಲಿ ಅಲ್ಲಿನ ಗ್ರಾಮಾಂತರ ಜಿಲ್ಲಾ ಪೊಲೀಸರು 'ಪ್ರಾಜೆಕ್ಟ್ ಪಳ್ಳಿಕ್ಕೂಡಂ' ಎಂಬ ಕಾರ್ಯಕ್ರಮ ಶುರುಮಾಡಿ, ಶಾಲೆಶಾಲೆಗೆ ಹೋಗಿ ಮಕ್ಕಳಿಗೆ ಒಳ್ಳೆಯ ಮುಟ್ಟುವಿಕೆ, ಕೆಟ್ಟ ಮುಟ್ಟುವಿಕೆಯ ಬಗ್ಗೆ ತಿಳಿಹೇಳಿದರು. ತರಗತಿ ಮುಗಿದ ಮೇಲೆ ಮಕ್ಕಳೇ ಬಂದು ಬಾಯಿಬಿಟ್ಟರು, ಪ್ರಕರಣಗಳು ದಾಖಲಾದವು. ದೊಡ್ಡವರ ದಾಖಲೆ ಹುಡುಕುವುದಕ್ಕಿಂತ ಮಗುವಿನ ಮಾತಿಗೆ ಕಿವಿಗೊಟ್ಟದ್ದು ಹೆಚ್ಚು ಫಲ ಕೊಟ್ಟಿತು. ಆದರೆ ಕ್ರೆಷ್‌ನ ಕೂಸಿಗೆ ಮಾತೇ ಬಂದಿರುವುದಿಲ್ಲ. ಅದರ ಪರವಾಗಿ ಮಾತಾಡಬೇಕಾದದ್ದು ವ್ಯವಸ್ಥೆ: ಒಬ್ಬರೇ ಇರುವಂತಿಲ್ಲ, ಯಾವಾಗಲೂ ಇಬ್ಬರು. ಬಾಗಿಲಿಗೆ ಗಾಜು. ತಾಯಿ ಹೇಳದೆ ಕೇಳದೆ ಬಂದರೂ ಒಳಗೆ ಬಿಡಬೇಕು. ದಿನಕ್ಕೆ ನಾಲ್ಕು ಭೇಟಿಯ ಹಕ್ಕು ಹಾಲೂಡಿಸಲಷ್ಟೇ ಅಲ್ಲ, ಕಣ್ಣಿಡಲೂ ಹೌದು. ಆದರೆ ರಫ್ತು ಗಡುವಿನ ವಾರದಲ್ಲಿ ಚೆಕಿಂಗ್ ಮೇಜು ಬಿಟ್ಟು ನಾಲ್ಕು ಸಲ ಎದ್ದುಹೋಗಲು ಯಾವ ಸೂಪರ್‌ವೈಸರ್ ಬಿಟ್ಟಾನು?

ಹೊರಗಿನವರು ಕಟ್ಟುವ ಬಿಲ್ಲು

ದುಡ್ಡಿನ ಪ್ರಶ್ನೆಯನ್ನು ಬೇರೆ ದೇಶಗಳು ಮುಜುಗರವಿಲ್ಲದೆ ಎತ್ತಿಕೊಂಡಿವೆ. ಇಂಗ್ಲೆಂಡಿನ ಸೋಹಂ ಎಂಬ ಊರಿನಲ್ಲಿ 2002ರಲ್ಲಿ ಇಬ್ಬರು ಹುಡುಗಿಯರ ಕೊಲೆಯಾಯಿತು. ಕೊಂದವನು ಶಾಲೆಯೊಂದರ ನೌಕರ. ಅವನ ಮೇಲೆ ಹಿಂದೆ ಬೇರೆ ಕಡೆ ಬಂದಿದ್ದ ದೂರುಗಳು ಹೊಸ ಊರಿನವರಿಗೆ ತಲುಪಿರಲಿಲ್ಲ. ಆ ಆಘಾತದಿಂದ ಬೆಳೆದ ಪರಿಶೀಲನಾ ವ್ಯವಸ್ಥೆಯಲ್ಲಿ ಈಗ ಮಕ್ಕಳೊಂದಿಗೆ ಕೆಲಸ ಮಾಡುವವರ ವಿಸ್ತೃತ ತಪಾಸಣೆಗೆ 2024ರ ಡಿಸೆಂಬರಿನಿಂದ 49.50 ಪೌಂಡ್. ಸಂಬಳವಿಲ್ಲದೆ ಸೇವೆ ಮಾಡುವವರಿಗೆ ಉಚಿತ. ಆಸ್ಟ್ರೇಲಿಯದ ನ್ಯೂ ಸೌತ್ ವೇಲ್ಸ್‌ನಲ್ಲೂ ಸ್ವಯಂಸೇವಕರಿಂದ ಶುಲ್ಕ ಪಡೆಯುವುದಿಲ್ಲ. ಪತ್ರ ಐದು ವರ್ಷ ನಡೆಯುತ್ತದೆ, ಕೆಲಸ ಬದಲಿಸಿದರೂ ಜೊತೆಗೇ ಬರುತ್ತದೆ.

ಅಮೆರಿಕ 2014ರ ಶಿಶುಪಾಲನಾ ಅನುದಾನ ಕಾಯ್ದೆಯಲ್ಲಿ ಬೆರಳಚ್ಚು ಸಹಿತ ತಪಾಸಣೆಯನ್ನು ಕಡ್ಡಾಯ ಮಾಡಿ, ಐದು ವರ್ಷಕ್ಕೊಮ್ಮೆಯಾದರೂ ಮಾಡಬೇಕೆಂದಿತು. ಜೊತೆಗೆ ಒಂದು ಸಣ್ಣ ಸಾಲು ಸೇರಿಸಿತು: ಇದಕ್ಕಾಗಿ ವಸೂಲು ಮಾಡುವ ಶುಲ್ಕ ತಪಾಸಣೆಗೆ ನಿಜವಾಗಿ ತಗಲುವ ವೆಚ್ಚವನ್ನು ಮೀರಬಾರದು. ಅಂದರೆ ಮಕ್ಕಳ ಸುರಕ್ಷತೆ ಖಜಾನೆಗೆ ವರಮಾನದ ಬಾಬತ್ತಾಗಕೂಡದು. ತಿರುಪ್ಪೂರಿನ ಮಟ್ಟಿಗೆ ಎರವಲು ತರಲು ಯೋಗ್ಯವಾದ ಸಾಲು ಇದು. ಪತ್ರ ಕೆಲಸಗಾರ್ತಿಯ ಜೊತೆ ಊರೂರಿಗೆ ಬರಬೇಕು ಎಂಬ ಆಸ್ಟ್ರೇಲಿಯದ ಪದ್ಧತಿಯೂ ಅಷ್ಟೇ ಯೋಗ್ಯ. ಮೂರು ತಿಂಗಳಿಗೊಮ್ಮೆ ಕೆಲಸ ಬದಲಾಗುವ ಕಡೆ ಪ್ರತಿ ಬಾಗಿಲಲ್ಲೂ ಹೊಸ ಐನೂರು ಕೇಳುವುದು ತೆರಿಗೆಯಲ್ಲದೆ ಮತ್ತೇನು?

ಸಂಶಯ ಬೇರೆ, ವಿಚಾರಣೆ ಬೇರೆ

2018ರ ಜುಲೈನಲ್ಲಿ ಬೀದರ್ ಜಿಲ್ಲೆಯ ಮುರ್ಕಿ ಎಂಬಲ್ಲಿ ಹೈದರಾಬಾದಿನ ಎಂಜಿನಿಯರ್ ಒಬ್ಬನನ್ನು ಜನ ಹೊಡೆದು ಕೊಂದರು. ಕಾರಿನಲ್ಲಿ ಬಂದವರು ದಾರಿಯಲ್ಲಿ ಮಕ್ಕಳಿಗೆ ಚಾಕೊಲೇಟು ಕೊಟ್ಟದ್ದೇ ಕಾರಣ. ಮಕ್ಕಳ ಕಳ್ಳರು ಬಂದಿದ್ದಾರೆಂಬ ವಾಟ್ಸ್‌ಆ್ಯಪ್ ವದಂತಿ ಆ ವರ್ಷ ತಮಿಳುನಾಡಿನಲ್ಲೂ ಜೀವ ತೆಗೆದಿತ್ತು. 2023ರ ಮಾರ್ಚ್‌ನಲ್ಲಿ ಗಾಳಿ ತಿರುಗಿತು. ಬಿಹಾರದ ಕಾರ್ಮಿಕರ ಮೇಲೆ ತಮಿಳುನಾಡಿನಲ್ಲಿ ಹಲ್ಲೆಯಾಗುತ್ತಿದೆ ಎಂಬ ಸುಳ್ಳು ವಿಡಿಯೊಗಳು ಹರಡಿ, ತಿರುಪ್ಪೂರಿನ ಪೊಲೀಸರು ಹಿಂದಿಯಲ್ಲಿ ಧೈರ್ಯ ಹೇಳಬೇಕಾಯಿತು.

ಮಕ್ಕಳ ಸುರಕ್ಷತೆಯ ಹೆಸರಿನಲ್ಲಿ ಹೊರಗಿನವರನ್ನು ಶಂಕಿಸುವುದು ಅಗ್ಗ. ಒಬ್ಬೊಬ್ಬರನ್ನೂ ಒಂದೇ ಅಳತೆಯಲ್ಲಿ ವಿಚಾರಿಸುವುದು ದುಬಾರಿ. ಒಡಿಶಾದಿಂದ ಬಂದ ಆಯಾಳ ಪೂರ್ವಾಪರ ತಿಳಿಯಬೇಕೆಂದರೆ ತಿರುಪ್ಪೂರಿನ ಠಾಣೆಯ ಜೊತೆ ಅವಳ ಊರಿನ ಠಾಣೆಯೂ ಉತ್ತರ ಕೊಡಬೇಕು. ಆ ಉತ್ತರ ಬರುವವರೆಗೆ ಅವಳ ಹೊಟ್ಟೆಪಾಡಿಗೆ ದಾರಿ ಬೇಕು. ಬಂದ ಉತ್ತರವನ್ನು ಓದಲೂ ವಿವೇಕ ಬೇಕು. ರಸ್ತೆತಡೆಯಲ್ಲಿ ಕೂತದ್ದಕ್ಕೆ ಬಿದ್ದ ಕೇಸು, ಮಗುವಿನ ಮೇಲೆ ಕೈಮಾಡಿದ್ದಕ್ಕೆ ಬಿದ್ದ ಕೇಸು, ಎರಡೂ ಒಂದೇ ಶಾಯಿಯಲ್ಲಿ ಬರೆದಿರುತ್ತವೆ.

ಇನ್ನೊಂದು ಮಾತು. ಮನೆಗೆಲಸದವರ ಪರಿಶೀಲನೆ ನಮ್ಮಲ್ಲಿ ಬಂದದ್ದೇ ಚಿನ್ನದ ಸರದ ಚಿಂತೆಯಿಂದ. ಮಗು ಆಮೇಲೆ ಸೇರಿಕೊಂಡಿತು. ಅದಕ್ಕೇ ಎಷ್ಟೋ ಮನೆಗಳಲ್ಲಿ ಕೇಳದೆ ಉಳಿಯುವ ಮೊದಲ ಪ್ರಶ್ನೆ: ಮಗು ನೋಡಿಕೊಳ್ಳಲು ಬಂದವಳೇ ಮಗುವೇ? ಹದಿನಾಲ್ಕು ವರ್ಷದೊಳಗಿನವರನ್ನು ಮನೆಗೆಲಸಕ್ಕೆ ಇಟ್ಟುಕೊಳ್ಳುವುದು 2006ರ ಅಕ್ಟೋಬರ್ 10ರಿಂದಲೇ ನಿಷಿದ್ಧ. ಊರಿನಿಂದ ಕರೆತಂದ ಹನ್ನೆರಡರ ಹುಡುಗಿಯ ಸೊಂಟದ ಮೇಲೆ ಎರಡರ ಕೂಸನ್ನು ಕೂರಿಸಿ, ಅವಳ ಪೊಲೀಸ್ ವರದಿ ಕೇಳುವವರ ಪೂರ್ವಾಪರವನ್ನು ಯಾರು ವಿಚಾರಿಸಬೇಕು?

ಎಂಟು ರೂಪಾಯಿಯ ಲೆಕ್ಕ

ಹಾಗಾದರೆ ಬಿಲ್ಲು ಯಾರಿಗೆ? ಲೆಕ್ಕ ಹಾಕೋಣ. ಮೂವತ್ತು ಮಕ್ಕಳಿರುವ ಕ್ರೆಷ್. ನೋಡಿಕೊಳ್ಳಲು ಮೂವರು ಹೆಂಗಸರು. ಸಂಸ್ಥೆಯ ದರದಲ್ಲೇ ಮೂವರ ಪರಿಶೀಲನೆಗೆ 3,000 ರೂಪಾಯಿ. ಪ್ರತಿ ವರ್ಷ ಮಾಡಿಸಿದರೂ ಮಗುವೊಂದಕ್ಕೆ ವರ್ಷಕ್ಕೆ 100 ರೂಪಾಯಿ, ತಿಂಗಳಿಗೆ ಎಂಟು ರೂಪಾಯಿ ಚಿಲ್ಲರೆ. ಕಂಪನಿ ಗೇಟಿನ ಮುಂದಿನ ಟೀಗೆ ಇದಕ್ಕಿಂತ ಹೆಚ್ಚಾಗುತ್ತದೆ. ಸಾವಿರಾರು ಕೋಟಿಯ ರಫ್ತು ಉದ್ಯಮಕ್ಕಾಗಲಿ, ತಿಂಗಳಿಗೆ ಸಾವಿರಗಟ್ಟಲೆ ಫೀಸು ಪಡೆಯುವ ನಗರದ ಡೇಕೇರಿಗಾಗಲಿ ಇದು ಹೊರೆಯೆಂದರೆ ನಗು ಬರುತ್ತದೆ. ಅದೇ ದುಡ್ಡು ಆಯಾಳ ಕೈಯಿಂದ ಹೋದರೆ ಹೊರೆ.

ಕಂಪನಿ ಕ್ರೆಷ್ ಆದರೆ ಕಂಪನಿ, ಡೇಕೇರ್ ಆದರೆ ನಡೆಸುವವರು, ಮನೆಯಾದರೆ ಮನೆಯವರು: ಇಷ್ಟು ಸರಳ. ಕಷ್ಟವಿರುವುದು ಲೈನ್ ಮನೆಯ ಆ ಹೆಂಗಸಿನ ವಿಷಯದಲ್ಲಿ. ಅವಳಿಗೆ ಮಾಲೀಕರಿಲ್ಲ, ಬೋರ್ಡಿಲ್ಲ, ನೋಂದಣಿಯಿಲ್ಲ. ಐನೂರು ಕೇಳಿದರೆ ಬಾಗಿಲು ಹಾಕಿಕೊಳ್ಳುತ್ತಾಳೆ, ಐದು ಮಕ್ಕಳು ಬೀದಿಗೆ ಬೀಳುತ್ತಾರೆ. ಇಲ್ಲಿ ಶುಲ್ಕ ಮನ್ನಾ ಮಾಡಿ ಸಮಾಜವೇ ಭರಿಸಬೇಕು. ತಮಿಳುನಾಡಿಗೆ ಇದಕ್ಕೆ ಹೊಸ ಹುಂಡಿ ಹುಡುಕಬೇಕಿಲ್ಲ. ಮಾಲೀಕರು, ಕಾರ್ಮಿಕರು, ಸರ್ಕಾರ ಮೂವರೂ ವಂತಿಗೆ ಹಾಕುವ ಕಾರ್ಮಿಕ ಕಲ್ಯಾಣ ನಿಧಿ 1972ರ ಕಾಯ್ದೆಯಿಂದಲೇ ಇದೆ. ಮನೆಗೆಲಸದವರ ಕಲ್ಯಾಣ ಮಂಡಳಿ 2007ರಿಂದ ಇದೆ. ಉಚಿತ ಪರಿಶೀಲನೆಯ ಜೊತೆ ನಾಲ್ಕು ದಿನದ ತರಬೇತಿ, ಒಂದು ಗುರುತಿನ ಚೀಟಿ, ಗೋಡೆಯ ಮೇಲೆ 1098ರ ಮಕ್ಕಳ ಸಹಾಯವಾಣಿ ನಂಬರು ಕೊಟ್ಟರೆ ಪೊಲೀಸರೆಂದರೆ ಹೆದರುವ ಅವಳೂ ತಾನೇ ಬಂದು ಹೆಸರು ಬರೆಸಿಯಾಳು.

ಕರ್ನಾಟಕದ 'ಕೂಸಿನ ಮನೆ' ಯೋಜನೆಯಲ್ಲಿ ಇದಕ್ಕೊಂದು ಸುಳಿವಿದೆ. ನರೇಗಾ ಕೂಲಿಗೆ ಹೋಗುವ ತಾಯಂದಿರಿಗಾಗಿ 2023-24ರಲ್ಲಿ 4,000 ಗ್ರಾಮ ಪಂಚಾಯಿತಿಗಳಿಗೆಂದು ಘೋಷಿಸಿದ ಈ ಶಿಶುಪಾಲನಾ ಕೇಂದ್ರಗಳಲ್ಲಿ ಮಗು ನೋಡುವವರು ಅದೇ ಊರಿನ ಜಾಬ್‌ಕಾರ್ಡ್ ಇರುವ ಹೆಂಗಸರು. ತರಬೇತಿ ಸರ್ಕಾರದ್ದು, ಕೂಲಿ ನರೇಗಾದ್ದು ಎಂಬುದು ಆಗಿನ ಏರ್ಪಾಡು. ಅಲ್ಲಿ ಪೂರ್ವಾಪರ ಹೇಳಲು ಊರೇ ಇದೆ: ಅವಳ ಅಜ್ಜನ ಜಗಳದಿಂದ ಹಿಡಿದು ಅವಳ ಗಂಡನ ಕುಡಿತದವರೆಗೆ ಎಲ್ಲ ಬಲ್ಲ ಊರು. ತಿರುಪ್ಪೂರಿಗೆ ಇಲ್ಲದ್ದು ಇದೇ, ಎಲ್ಲರೂ ಬಂದವರೇ ಆದ ಕಡೆ ಬಲ್ಲವರು ಯಾರು? ಊರು ಬಿಟ್ಟಿಯಾಗಿ ಮಾಡುತ್ತಿದ್ದ ಕೆಲಸಕ್ಕೆ ನಗರ ದುಡ್ಡು ಕೊಡಬೇಕಾಗುತ್ತದೆ. ಉದ್ಯಮ ಬೆಳೆಸಲು ಜನರನ್ನು ಊರಿನಿಂದ ಕಿತ್ತು ತಂದವರು ಆ ದುಡ್ಡನ್ನೂ ತರಬೇಕು.

ಅಷ್ಟಕ್ಕೂ ಎಲ್ಲಕ್ಕಿಂತ ಗಟ್ಟಿಯಾದ ತಪಾಸಣೆ ಎಂದರೆ ಅದೇ ಆಯಾ ಮೂರು ವರ್ಷ ಒಂದೇ ಕ್ರೆಷ್‌ನಲ್ಲಿ ಉಳಿಯುವುದು. ಉಳಿದವಳ ಸ್ವಭಾವ ನೂರು ತಾಯಂದಿರ ಕಣ್ಣಿಗೆ ಬಿದ್ದಿರುತ್ತದೆ. ಉಳಿಯುವಂಥ ಸಂಬಳ ಕೊಡದೆ, ಎರಡು ತಿಂಗಳಿಗೊಬ್ಬರನ್ನು ಬದಲಿಸುತ್ತ, ಪ್ರತಿಯೊಬ್ಬರಿಂದಲೂ ಸರ್ಟಿಫಿಕೇಟು ಕೇಳಿದರೆ ಫೈಲು ದಪ್ಪವಾಗುತ್ತದೆ, ತೊಟ್ಟಿಲ ಬಳಿ ಮಾತ್ರ ಯಾವಾಗಲೂ ಹೊಸ ಮುಖ.

ರಾತ್ರಿ ಎಂಟೂವರೆಗೆ ಶಿಫ್ಟ್ ಬಿಡುತ್ತದೆ. ಚೆಕಿಂಗ್ ಮೇಜಿನವಳು ಲೈನ್ ಮನೆಯ ಪಕ್ಕದ ಬಾಗಿಲು ತಟ್ಟಿ, ನಿದ್ದೆಹೋದ ಮಗುವನ್ನು ಹೆಗಲಿಗೆ ಹಾಕಿಕೊಂಡು ಬರುತ್ತಾಳೆ. ಬಲ್ಬಿನ ಕೆಳಗೆ ಮಲಗಿಸಿ ಅಂಗಿ ಬಿಚ್ಚುತ್ತಾಳೆ. ದಿನವಿಡೀ ಬಟ್ಟೆಯ ಮೇಲೆ ಆಡಿದ ಬೆರಳುಗಳು ಅದೇ ಅಭ್ಯಾಸದಲ್ಲಿ ಮಗುವಿನ ತೋಳು, ಕತ್ತು, ಬೆನ್ನು, ತೊಡೆಯ ಮೇಲೆ ಹಾಯುತ್ತವೆ. ಕೆಂಪಗಾಗಿದೆಯೇ, ಊದಿದೆಯೇ, ಮುಟ್ಟಿದರೆ ಬೆಚ್ಚುತ್ತದೆಯೇ? ಆ ದಿನದ ಕೊನೆಯ ಚೆಕಿಂಗ್ ಅದು. ಅದಕ್ಕೆ ಕೂಲಿಯಿಲ್ಲ, ರಿಜಿಸ್ಟರಿನಲ್ಲಿ ಹಾಳೆಯೂ ಇಲ್ಲ.